ಒಂದನೇ ನಂಬರಿನ ಬಿಲ್ಲು

ನನ್ನ ಅಕ್ಕನ ಹೊಲಿಗೆ ಕೆಲಸವನ್ನು ಮುಳುಗಿಸಿದ್ದು ಒಂದು ಪುಟ್ಟ ಲಂಗ. ಮೂರು ವರ್ಷದ ಮಗುವಿನ ಅಳತೆಯದು, ಹಸಿರು ಬಣ್ಣ, ಕೆಳಗೆ ಕೆಂಪು ಅಂಚು. ಅದನ್ನು ಒಂದೂಕಾಲು ರೂಪಾಯಿಗೆ ಮಾರಿದೆವು, ಅದಕ್ಕೊಂದು ಬಿಲ್ಲನ್ನೂ ಬರೆದೆವು. ಬರೆದವಳು ನಾನು. ಇಷ್ಟು ವರ್ಷವಾದರೂ ಇದನ್ನು ಹೇಳಲು ಕೂತರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ. ಸಿಟ್ಟು ಯಾರ ಮೇಲೆ ಎಂದು ಕೇಳಿದರೆ, ಇಲಾಖೆ, ಪಂಚಾಂಗ, ಅಮ್ಮ ಎಂದು ಸುತ್ತಾಡಿ ಕೊನೆಗೆ ನನ್ನ ಮೇಲೇ ಬಂದು ನಿಲ್ಲುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಚಾಮರಾಜಪೇಟೆಯ ಒಂದು ಬಾಡಿಗೆ ಮನೆಯಲ್ಲಿ ಅಮ್ಮ, ಅಕ್ಕ ಮತ್ತು ನಾನು ಇದ್ದೆವು. ನಾನು ಶೇಷಾದ್ರಿಪುರದ ಒಂದು ಕಾಲೇಜಿನ ಆಫೀಸಿನಲ್ಲಿ ಟೈಪಿಸ್ಟ್. ಅಕ್ಕ ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದವಳು. ಅಲ್ಲಿ ಏನಾಯಿತು ಎಂದು ಅವಳು ಹೇಳಲಿಲ್ಲ, ನಾವು ಕೆದಕಲೂ ಇಲ್ಲ. ಬಂದ ದಿನ ಒಂದೇ ಮಾತು ಹೇಳಿದಳು: "ಇನ್ಮೇಲೆ ನಾನು ಯಾರ ಕೈಕೆಳಗೂ ಇರೋದಿಲ್ಲ, ಅಷ್ಟೇ." ಮಾರನೆಯ ವಾರ ನಡುಮನೆಯಲ್ಲಿ ಒಂದು ಹೊಲಿಗೆ ಮೆಷಿನ್ನು ಹಾಕಿಕೊಂಡು ಕೂತಳು. ಹನ್ನೊಂದು ವರ್ಷದಲ್ಲಿ ಅದು ಆರು ಮೆಷಿನ್ನಾಯಿತು. ಸುತ್ತಲಿನ ಓಣಿಗಳಿಂದ ಐದು ಜನ ಹೆಂಗಸರು ಬೆಳಿಗ್ಗೆ ಗಂಡ ಮಕ್ಕಳಿಗೆ ಡಬ್ಬಿ ಕಟ್ಟಿ ಕೊಟ್ಟು ನಮ್ಮ ಮನೆಗೆ ಬರುತ್ತಿದ್ದರು. ನಾನು ಕೆಲಸಕ್ಕೆ ಹೊರಡಬೇಕಾದರೆ ಮೆಷಿನ್ನುಗಳ ಸಂದಿಯಲ್ಲಿ ಅಡ್ಡಡ್ಡ ನುಸುಳಿಕೊಂಡು ಬಾಗಿಲು ಮುಟ್ಟಬೇಕಿತ್ತು.

ಅಕ್ಕ ಹೊಲಿಯುತ್ತಿದ್ದದ್ದು ಶಾಲೆಯ ಯೂನಿಫಾರಂ. ಬಸವನಗುಡಿಯ ಎರಡು ಶಾಲೆ, ನಮ್ಮ ಪೇಟೆಯದೇ ಒಂದು. ಜೂನ್ ತಿಂಗಳಲ್ಲಿ ಅಮ್ಮ ಗೇಟಿನ ಹತ್ತಿರ ನಿಂತು, ಹೋಗುವ ಹೆಣ್ಣುಮಕ್ಕಳ ಸ್ಕರ್ಟಿನ ನೆರಿಗೆ ನೋಡಿ, "ಇದು ನಮ್ಮದು, ಅದು ನಮ್ಮದಲ್ಲ" ಎಂದು ಬೇರ್ಪಡಿಸುತ್ತಿದ್ದಳು. ಕೆಲಸದ ಕ್ರಮ ಬಹಳ ಸರಳವಾಗಿತ್ತು. ಜನವರಿಯಲ್ಲಿ ಶಾಲೆಯ ಆಯಾ ಬಂದು ಬಟ್ಟೆಯ ಥಾನು ಹಾಕಿ ಹೋಗುತ್ತಿದ್ದಳು. ಹೊಲಿದ ಹಾಗೆ ಹಾಗೆ ಗಂಟು ಕಟ್ಟಿಸಿಕೊಂಡು ಹೋಗುತ್ತಿದ್ದಳು. ಶಾಲೆ ತೆರೆದ ಮೇಲೆ ಜೂನಿನಲ್ಲಿ ಎಲ್ಲಕ್ಕೂ ಸೇರಿಸಿ ಶಾಲೆಗೊಂದೇ ಬಿಲ್ಲು. ನಡುವೆ ಚೀಟಿಯಿಲ್ಲ, ಸಹಿಯಿಲ್ಲ. ಐದು ಜನ ಕಣ್ಣೆದುರಿಗೇ ಕೂತಿರುವಾಗ ಹಾಜರಿ ಪುಸ್ತಕ ಯಾಕೆ ಎಂದು ಅಕ್ಕ ನಗುತ್ತಿದ್ದಳು. ಮಾತಿಗೆ ಬೆಲೆ ಇದ್ದ ಜನರ ನಡುವೆ ಬದುಕಿದ್ದಕ್ಕೆ ನಮಗೆ ಕಾಗದದ ಭಯವೇ ಇರಲಿಲ್ಲ.

ಆ ವರ್ಷ ಮನೆಯ ಮಾಲೀಕರು ಬಂದು, ಮನೆ ಕೆಡವಿ ಕಾಂಪ್ಲೆಕ್ಸ್ ಕಟ್ಟಿಸುತ್ತೇವೆ, ಸಂಕ್ರಾಂತಿಯೊಳಗೆ ಖಾಲಿ ಮಾಡಿ ಎಂದರು. ಮೂವರಿಗೆ ಇರಲು ಒಂದು ಪುಟ್ಟ ಮನೆ ಹಿಂದಿನ ರಸ್ತೆಯಲ್ಲೇ ಸಿಕ್ಕಿತು. ಆರು ಮೆಷಿನ್ನಿಗೆ ಜಾಗ ಎಲ್ಲಿ? ದೂರ ಹೋದರೆ ಹೆಂಗಸರು ಬರುವುದಿಲ್ಲ. ಅವರಿಗೆ ಮಧ್ಯಾಹ್ನ ಮನೆಗೆ ಹೋಗಿ ಒಲೆ ನೋಡಿ ಬರುವಷ್ಟು ಹತ್ತಿರವಿರಬೇಕು. ಅಕ್ಕ ಚಪ್ಪಲಿ ಸವೆಸಿದಳು. ಹೋಗಿ ನೋಡಿದ ಪ್ರತಿ ಅಂಗಡಿಯ ಮುಂಗಡ ಕೇಳಿ ಸುಮ್ಮನೆ ವಾಪಸು ಬಂದಳು.

ಆಗ ಕಾಲೇಜಿನಲ್ಲಿ ಊಟದ ಹೊತ್ತಿನಲ್ಲಿ ಪೇಪರ್ ಓದುತ್ತಿದ್ದ ನನ್ನ ಕಣ್ಣಿಗೆ ಒಂದು ಸುದ್ದಿ ಬಿತ್ತು. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಮುಚ್ಚಿಹೋದ ಒಂದು ಗಿರಣಿ ಇತ್ತು. ಗಿರಣಿ ನಿಂತ ಮೇಲೆ ಸುತ್ತಲಿನ ಬೀದಿಗಳೂ ನಿಂತುಹೋಗಿದ್ದವು. ಅಲ್ಲಿಗೆ ಜೀವ ತುಂಬಲು ಸರ್ಕಾರ ಆ ಜಾಗವನ್ನೆಲ್ಲ ಪ್ರೋತ್ಸಾಹ ವಲಯವೆಂದು ಘೋಷಿಸಿತ್ತು. ಹೊಸದಾಗಿ ಶುರುವಾಗುವ ಸಣ್ಣ ಉದ್ಯಮಗಳಿಗೆ ಗಿರಣಿಯ ಹಳೆಯ ಷೆಡ್ಡುಗಳನ್ನು ಕಡಿಮೆ ಬಾಡಿಗೆಗೆ ಕೊಡುತ್ತಾರೆ, ಕೆಲವು ವರ್ಷ ಮಾರಾಟ ತೆರಿಗೆ ಇಲ್ಲ. ಷರತ್ತು ಒಂದೇ: ಮಂಜೂರಾತಿ ಆದೇಶ ಬಂದ ಮೇಲೆ, ಮಾರ್ಚ್ ಕೊನೆಯೊಳಗೆ, ಉತ್ಪಾದನೆ ಶುರುವಾಗಬೇಕು. ಹಾಗೆ ಶುರುವಾಯಿತೆಂದು ಕೈಗಾರಿಕಾ ಇಲಾಖೆಯವರು ಬಂದು ನೋಡಿ ಅರ್ಹತಾ ಪತ್ರ ಕೊಡುತ್ತಾರೆ. ಅದು ಸಿಗದಿದ್ದರೆ ಷೆಡ್ಡು ವಾಪಸು.

ನಾನು ಕಾಲೇಜಿನ ಟೈಪ್‌ರೈಟರಿನಲ್ಲಿ, ಕಾಲೇಜಿನ ಕಾಗದದಲ್ಲೇ, ಅರ್ಜಿ ಹೊಡೆದೆ. ಮನೆಯಲ್ಲಿ ಹೊಲಿದದ್ದಕ್ಕೆ ಎಲ್ಲೂ ನೋಂದಣಿ ಇರಲಿಲ್ಲವಾದ್ದರಿಂದ ನಾವು ಹೊಸ ಉದ್ಯಮವೇ ಆದೆವು. ಎರಡು ತಿಂಗಳಿಗೆ ಕರೆ ಬಂತು. ಇಲಾಖೆಯ ಗುಮಾಸ್ತರು ಷೆಡ್ಡಿನ ಬೀಗದಕೈ ಕೊಟ್ಟು, "ಆರ್ಡರ್ರು ಸಾಹೇಬ್ರ ಟೇಬಲ್ ಮೇಲಿದೆ. ಮುಂದಿನ ವಾರ ಬರತ್ತೆ. ಅಷ್ಟರಲ್ಲಿ ನೀವು ಗುಡಿಸಿ ಗಿಡಿಸಿ ಕ್ಲೀನ್ ಮಾಡ್ಕೊಳಿ ಮೇಡಂ," ಎಂದರು. ಅಕ್ಕ ಬೀಗದಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ದಾರಿಯುದ್ದಕ್ಕೂ ಅದನ್ನು ಮುಟ್ಟಿ ನೋಡಿಕೊಂಡು ಬಂದಳು.

ಅಮ್ಮ ಪಂಚಾಂಗ ತೆಗೆದಳು. ಇನ್ನು ನಾಲ್ಕು ದಿನ ಬಿಟ್ಟರೆ ಒಳ್ಳೆಯ ಮುಹೂರ್ತವಿಲ್ಲ, ಆಮೇಲೆ ಧನುರ್ಮಾಸ, ಶೂನ್ಯಮಾಸ, ಒಂದು ತಿಂಗಳು ಯಾವ ಶುಭಕಾರ್ಯವೂ ಆಗದು. ಸಂಕ್ರಾಂತಿ ಕಳೆಯುವವರೆಗೆ ಕಾಯೋಣವೆಂದರೆ ಅಷ್ಟರಲ್ಲಿ ಮನೆ ಬಿಡಬೇಕು, ಮೆಷಿನ್ನುಗಳನ್ನು ಪೂಜೆಯಿಲ್ಲದ ಜಾಗಕ್ಕೆ ಸಾಗಿಸಬೇಕು. ಅದಕ್ಕೆ ಅಮ್ಮ ಸುತರಾಂ ಒಪ್ಪಲಿಲ್ಲ.

"ಬುಧವಾರ ಪೂಜೆ ಮಾಡಿ ಬೋಣಿ ಮಾಡ್ಬಿಡಿ. ಬೋಣಿ ಆಗ್ಬಿಟ್ರೆ ಆಯ್ತು. ಆಮೇಲೆ ಯಾವಾಗ ಬೇಕಾದ್ರೂ ಕೆಲಸ ಶುರು ಮಾಡ್ಕೊಳಿ," ಎಂದಳು.

ಆದೇಶ ಬರುವ ಮೊದಲು ಹೀಗೆ ಮಾಡಬಹುದೇ ಎಂದು ಗುಮಾಸ್ತರನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ನನಗೆ ಹೊಳೆಯಲೇ ಇಲ್ಲ. ಪೂಜೆಗೂ ಆದೇಶಕ್ಕೂ ಏನು ಸಂಬಂಧ?

ಬುಧವಾರ ಬೆಳಿಗ್ಗೆ ಮಾರ್ಕೆಟ್ಟಿನಿಂದ ಸೇವಂತಿಗೆ, ಬಾಳೆಕಂದು ತಂದೆವು. ಒಂದು ಮೆಷಿನ್ನನ್ನು ಆಟೋದಲ್ಲಿ ಷೆಡ್ಡಿಗೆ ಸಾಗಿಸಿ, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಅಕ್ಕ ಮಡಿಯುಟ್ಟು ಕೂತು ಆ ಹಸಿರು ಲಂಗವನ್ನು ಹೊಲಿದಳು. ಮೊದಲ ಮಾರಾಟ ಹೆಣ್ಣುಮಗುವಿಗೇ ಆಗಬೇಕು ಎಂದು ಅಮ್ಮ ಹೇಳಿದ್ದಳು. ನಮ್ಮಲ್ಲಿ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದ ಹಿರಿಯ ಹೆಂಗಸು ತನ್ನ ಮೊಮ್ಮಗಳನ್ನು ಕರೆತಂದಿದ್ದಳು. ಮಗು ಲಂಗ ತೊಟ್ಟು, ಮುಷ್ಟಿಯಲ್ಲಿದ್ದ ಒಂದೂಕಾಲು ರೂಪಾಯಿಯನ್ನು ಅಕ್ಕನ ಅಂಗೈಗೆ ಹಾಕಿತು. ನಾನು ಹೊಸ ಬಿಲ್ ಪುಸ್ತಕ ತೆಗೆದು, ಮೇಲೆ ಶ್ರೀ ಬರೆದು, ಒಂದನೇ ನಂಬರಿನ ಬಿಲ್ಲು ಬರೆದೆ. ತಾರೀಖು ಹಾಕಿದೆ. ನನ್ನ ಅಕ್ಷರ ಮುತ್ತಿನ ಹಾಗೆ ಎಂದು ಕಾಲೇಜಿನಲ್ಲಿ ಎಲ್ಲರೂ ಹೊಗಳುತ್ತಿದ್ದರು. ಅವತ್ತು ಇನ್ನೂ ಚೆನ್ನಾಗಿ ಬರೆದೆ. ಅಕ್ಕ ಅತ್ತುಬಿಟ್ಟಳು. ಅವಳು ಸಂತೋಷಕ್ಕೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆದೇಶ ಬಂದದ್ದು ಹನ್ನೆರಡು ದಿನ ಬಿಟ್ಟು. ಸಂಕ್ರಾಂತಿಗೆ ಮೆಷಿನ್ನುಗಳೆಲ್ಲ ಷೆಡ್ಡಿಗೆ ಬಂದವು. ಎತ್ತರದ ಕಿಟಕಿಗಳು, ಧಾರಾಳ ಬೆಳಕು. ಹೆಂಗಸರು ಮೊದಲ ಸಲ ಮೊಣಕೈಗೆ ಮೊಣಕೈ ತಾಗಿಸದೆ ಹೊಲಿದರು. ಜನವರಿ, ಫೆಬ್ರವರಿ, ಮಾರ್ಚ್, ಏಪ್ರಿಲ್, ಒಂದು ದಿನ ಬಿಡದೆ ಕೆಲಸ ನಡೆಯಿತು. ಎಂದಿನಂತೆ ಆಯಾ ಗಂಟು ಕಟ್ಟಿಸಿಕೊಂಡು ಹೋದಳು. ಎಂದಿನಂತೆ ಜೂನಿನಲ್ಲಿ ಬಿಲ್ಲು ಬರೆದೆವು. ಅವುಗಳಲ್ಲಿ ಮೊದಲನೆಯದು ಎರಡನೇ ನಂಬರಿನ ಬಿಲ್ಲು.

ಅದಾದ ಮೇಲೆ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ನಲವತ್ತರ ಆಸುಪಾಸಿನ ಮೆದು ಮಾತಿನ ಮನುಷ್ಯ. ನಾನು ಅರ್ಧ ದಿನ ರಜೆ ಹಾಕಿ ಅಲ್ಲೇ ಇದ್ದೆ. ಅಮ್ಮನೂ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಅವರು ಮೆಷಿನ್ನು ಎಣಿಸಿದರು, ಕಾಫಿ ಕುಡಿದರು, ಆಮೇಲೆ ಹೇಳಿದರು: "ಮೊದಲನೇ ಮಾರಾಟದ ಬಿಲ್ ತೋರಿಸಿ ಮೇಡಂ. ಆ ತಾರೀಖನ್ನೇ ಉತ್ಪಾದನೆ ಶುರುವಾದ ದಿನ ಅಂತ ಬರ್ಕೋತೀವಿ."

ನಾನು ಹಿಗ್ಗಿನಿಂದ ಕುಂಕುಮ ಹಚ್ಚಿದ ಬಿಲ್ ಪುಸ್ತಕ ಕೊಟ್ಟೆ. ಅವರು ನೋಡಿದರು, ಫೈಲ್ ನೋಡಿದರು, ಮತ್ತೆ ಬಿಲ್ಲು ನೋಡಿದರು.

"ಇದು ಆರ್ಡರ್ ಬರೋಕ್ಕಿಂತ ಮುಂಚೇನೇ ಇದೆಯಲ್ಲ?"

"ಹೂಂ ಸಾರ್. ಧನುರ್ಮಾಸ ಬಂದ್ಬಿಡ್ತಿತ್ತಲ್ಲ, ಅದಕ್ಕೇ," ಎಂದಳು ಅಮ್ಮ.

ಅವರು ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು. "ಬೇರೆ ಯಾವ್ದಾದ್ರೂ ಬಿಲ್ ಬುಕ್ ಇರಬಹುದು, ನೋಡಿ ಮೇಡಂ. ನಿಧಾನವಾಗಿ ಹುಡುಕಿ. ನಾನು ಆಚೆ ನಿಂತಿರ್ತೀನಿ," ಎಂದು ಎದ್ದು ಹೋದರು.

ಇದಕ್ಕಿಂತ ಬಿಡಿಸಿ ಯಾವ ಅಧಿಕಾರಿ ಹೇಳಬಲ್ಲ? ಆದೇಶದ ನಂತರದ ತಾರೀಖಿನದೊಂದು ಬಿಲ್ಲು ಬರೆದುಕೊಳ್ಳಲಿ ಎಂದು, ನಮ್ಮನ್ನು ಬದುಕಿಸಲು, ಆ ಮನುಷ್ಯ ಹೊರಗೆ ಬಿಸಿಲಿನಲ್ಲಿ ನಿಂತಿದ್ದ. ನಾನು, ಬಿ.ಎ. ಪಾಸಾದ ಪೆದ್ದಿ, ಅವರ ಹಿಂದೆಯೇ ಓಡಿಹೋಗಿ, "ಇಲ್ಲ ಸಾರ್, ಇದೇ ಒರಿಜಿನಲ್ಲು, ನಮ್ಮ ಹತ್ರ ಬೇರೆ ಇಲ್ವೇ ಇಲ್ಲ," ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಪೆನ್ನಿನ ಮುಚ್ಚಳ ತೆಗೆದು, ಬರೆದುಕೊಂಡರು.

ತಿಂಗಳಿಗೆ ಕಾಗದ ಬಂತು. ಆದೇಶಕ್ಕೆ ಮುಂಚೆಯೇ ಉತ್ಪಾದನೆ ಶುರುವಾಗಿರುವುದರಿಂದ ಇದು ಹೊಸ ಉದ್ಯಮವಲ್ಲ, ಅರ್ಹತಾ ಪತ್ರ ಕೊಡಲು ಬರುವುದಿಲ್ಲ, ಷೆಡ್ಡನ್ನು ಯಾಕೆ ವಾಪಸು ಪಡೆಯಬಾರದು ಎಂಬುದಕ್ಕೆ ಕಾರಣ ಕೊಡಿ.

ಆಮೇಲಿನ ಏಳೆಂಟು ತಿಂಗಳು ನನಗೆ ಸರಿಯಾಗಿ ನೆನಪಿಲ್ಲ, ನೆನಪಿರುವುದೂ ಬೇಡ. ಇಲಾಖೆಯ ಮೆಟ್ಟಿಲು ಎಷ್ಟು ಸಲ ಹತ್ತಿದೆನೋ. ಮೆದು ಮಾತಿನವರಿಗೆ ವರ್ಗವಾಗಿತ್ತು. ಅವರ ಜಾಗಕ್ಕೆ ಬಂದವರು ಕಡತ ಓದಿಲ್ಲ ಎಂದರು, ಓದಿದವರು ರಜೆಯಲ್ಲಿದ್ದರು. ಶಾಲೆಯ ಮುಖ್ಯೋಪಾಧ್ಯಾಯಿನಿಯ ಹತ್ತಿರ, ಜನವರಿಯಿಂದಲೇ ಇವರು ಹೊಲಿದು ಕೊಟ್ಟಿದ್ದಾರೆ ಎಂದು ಪತ್ರ ಬರೆಸಿಕೊಂಡು ಹೋದೆ. ಈಗ ಬರೆಸಿದ ಪತ್ರ ಆಗಿನದಕ್ಕೆ ಸಾಕ್ಷಿಯಾಗದು ಎಂದು ಮೇಜಿನ ಮೇಲೆ ನನ್ನ ಕಡೆಗೇ ತಳ್ಳಿದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮಗೆ ದೇವರ ಪೂಜೆ ಮಾಡಿದ್ದಕ್ಕೇ ಕೊಡಲಿಲ್ಲ. ಎಷ್ಟೋ ಸಂಜೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅಳುತ್ತ ಮನೆಗೆ ಬಂದಿದ್ದೇನೆ. ಮನೆ ಹತ್ತಿರವಾದಾಗ ಮುಖ ಒರೆಸಿಕೊಂಡು, "ಸ್ವಲ್ಪ ಮೂವ್ ಆಗಿದೆ ಅಕ್ಕ ಫೈಲು," ಎನ್ನುತ್ತಿದ್ದೆ. ಅಕ್ಕ ನಂಬುತ್ತಿದ್ದಳು. ಅವಳು ನಂಬುವುದನ್ನು ನೋಡಿದರೆ ಇನ್ನಷ್ಟು ಸಂಕಟವಾಗುತ್ತಿತ್ತು.

ಕೊನೆಗೆ ಮೇಲ್ಮನವಿ ಸಮಿತಿಯ ಮುಂದೆ ಹಾಜರಾಗಲು ಒಂದು ದಿನ ಕೊಟ್ಟರು. ಅದಕ್ಕೆ ವಾರವಿರುವಾಗ ನನಗೊಂದು ಉಪಾಯ ಹೊಳೆಯಿತು. ಆ ಲಂಗ ಮಾರಾಟವೇ ಅಲ್ಲ, ಬರೀ ಶಾಸ್ತ್ರ, ಬಿಲ್ಲು ಬರೆದದ್ದೂ ಶಾಸ್ತ್ರದ ಭಾಗ ಎಂದು ಅಕ್ಕ ಅಫಿಡವಿಟ್ ಕೊಟ್ಟರೆ ಬಿಲ್ಲೇ ಇಲ್ಲದಂತಾಗುತ್ತದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಅಕ್ಕನಿಗೆ ಅದು ಸರಿಬೀಳಲಿಲ್ಲ. "ಮಾರಿದ್ದನ್ನ ಮಾರಿಲ್ಲ ಅಂತ ಬರ್ಕೊಡೋದಾ? ಮಗು ಕೈಯಿಂದ ದುಡ್ಡು ಇಸ್ಕೊಂಡಿದೀನಿ ಕಣೇ."

"ಒಂದೂಕಾಲು ರೂಪಾಯಿ ಅಕ್ಕ! ಅದನ್ನ ಮಾರಾಟ ಅಂತಾರಾ?"

"ಬಿಲ್ಲು ಬರೆದಿದೀಯಲ್ಲ."

"ಅದಕ್ಕೇ ಹೇಳ್ತಿರೋದು. ನೀನು ಸುಮ್ನೆ ಸೈನ್ ಮಾಡು. ಇದ್ರಲ್ಲಿ ನಿಂಗೇನೂ ಗೊತ್ತಾಗಲ್ಲ."

ಈ ಕೊನೆಯ ಮಾತು ನನ್ನ ಬಾಯಿಂದ ಬಂದದ್ದು ಹೌದು. ಅಕ್ಕ ಸಹಿ ಮಾಡಿದಳು. ಬೋಣಿಯನ್ನೇ ಸುಳ್ಳು ಮಾಡಿದೆ ಎಂದು ಅಮ್ಮ ನನ್ನ ಹತ್ತಿರ ಒಂದು ವಾರ ಮಾತು ಬಿಟ್ಟಳು.

ಸಮಿತಿಯಲ್ಲಿ ಮೂವರು ಕೂತಿದ್ದರು. ನಡುವಿನವರು ಅಫಿಡವಿಟ್ಟನ್ನು ಪೂರ್ತಿ ಓದಿದರು.

"ಸರಿ. ಒಪ್ಪಿದ್ವಿ. ಇದು ಮಾರಾಟ ಅಲ್ಲ," ಎಂದರು. ಅಕ್ಕ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು. "ಹಾಗಾದ್ರೆ ನಿಮ್ಮ ಮೊದಲನೇ ಮಾರಾಟ ಯಾವತ್ತಮ್ಮ?"

ಅವರೇ ಬಿಲ್ ಪುಸ್ತಕದ ಹಾಳೆ ತಿರುಗಿಸಿದರು. ಎರಡನೇ ನಂಬರಿನ ಬಿಲ್ಲು, ಜೂನ್ ತಿಂಗಳದ್ದು.

"ಸ್ಕೀಮು ಮಾರ್ಚಿಗೇ ಮುಗೀತಲ್ಲ."

ಅಕ್ಕ ಎದ್ದು ನಿಂತಳು. "ಸಾರ್, ಜನವರಿಯಿಂದ ಹೊಲ್ದಿದೀವಿ ಸಾರ್. ಆರು ಮೆಷಿನ್ನೂ ಓಡಿದೆ. ನಾವು ಹೊಲಿದ ಬಟ್ಟೆ ಹಾಕ್ಕೊಂಡು ಮಕ್ಕಳು ಶಾಲೆಗೆ ಹೋಗ್ತಿದಾರೆ. ಬೇಕಾದ್ರೆ ಬನ್ನಿ, ತೋರಿಸ್ತೀನಿ."

"ಮಕ್ಕಳನ್ನ ಫೈಲಿಗೆ ಹಾಕೋಕಾಗಲ್ವಲ್ಲಮ್ಮ," ಎಂದರು ಅವರು. ಗೇಲಿ ಮಾಡಲಿಲ್ಲ, ಬೇಸರದಿಂದಲೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಹತ್ತು ಹದಿನೈದು ದಿನ ಮುಂಚೆ ಆಗಿದ್ರೆ ಅದನ್ನ ಮನ್ನಾ ಮಾಡೋ ಅಧಿಕಾರ ನಮಗಿದೆ ಮೇಡಂ. ಹಿಂದಿನ ತಿಂಗಳು ಇಬ್ಬರಿಗೆ ಮಾಡಿದೀವಿ. ಇಲ್ಲಿ ನೀವೇ ಅದು ಮಾರಾಟ ಅಲ್ಲ ಅಂತ ಪ್ರಮಾಣ ಮಾಡಿ ಬರ್ಕೊಟ್ಟಿದೀರಿ. ಈಗ ಯಾವುದನ್ನ ಮನ್ನಾ ಮಾಡೋದು?" ಎಂದರು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎನ್ನುತ್ತಾರಲ್ಲ, ಅದನ್ನು ನಾನು ಮಾಡಿಯೇ ತೋರಿಸಿದ್ದೆ. ಸುಮ್ಮನೆ ಕೈಕಟ್ಟಿ ನಿಂತು ತಪ್ಪಾಯಿತು ಎಂದಿದ್ದರೆ ಷೆಡ್ಡು ಉಳಿಯುತ್ತಿತ್ತು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬೈದುಬಿಡು ಅಕ್ಕ, ಹೊಡೆದುಬಿಡು ಎಂದು ಅವಳ ಕಾಲು ಹಿಡಿದುಕೊಂಡೆ. ಜನ ನೋಡುತ್ತಿದ್ದರು. ಅವಳು ನನ್ನ ರಟ್ಟೆ ಹಿಡಿದು ಎಬ್ಬಿಸಿ, "ಬಾ, ಬಸ್ ಬಂತು," ಎಂದಳು.

ತೆರವು ಮಾಡಲು ಒಂದು ತಿಂಗಳು ಕೊಟ್ಟರು. ಕೊನೆಯ ದಿನ ಅಕ್ಕ ಐದು ಜನರಿಗೂ ಅವರವರು ಕೂತು ಹೊಲಿಯುತ್ತಿದ್ದ ಮೆಷಿನ್ನನ್ನು ಕೊಟ್ಟುಬಿಟ್ಟಳು. "ಕೆಲಸ ಕೊಡೋಕಾಗ್ಲಿಲ್ಲ. ಇದಾದ್ರೂ ಇರ್ಲಿ," ಎಂದಳು. ಕಾಜಾ ಹಾಕುತ್ತಿದ್ದವಳು ತನಗೆ ಬೇಡವೆಂದು ಹಟ ಮಾಡಿ, ಆಮೇಲೆ ಅಳುತ್ತಲೇ ತೆಗೆದುಕೊಂಡು ಹೋದಳು. ಉಳಿದ ಒಂದು ಮೆಷಿನ್ನು ಹೊಸ ಮನೆಯ ಅಡುಗೆಮನೆ ಬಾಗಿಲ ಪಕ್ಕಕ್ಕೆ ಬಂತು. ಒಂದು ಮೆಷಿನ್ನಿನಲ್ಲಿ ಶಾಲೆಯ ಕೆಲಸ ಮುಗಿಯುವುದಿಲ್ಲ. ಶಾಲೆಯವರು ಬೇರೆಯವರನ್ನು ನೋಡಿಕೊಂಡರು.

ಅಕ್ಕ ಮಲಗಿದಳು. ಜ್ವರವಿಲ್ಲ, ನೋವಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅನ್ನ ಕಲಸಿ ಕೊಟ್ಟರೆ ಎರಡು ತುತ್ತು ತಿನ್ನುತ್ತಿದ್ದಳು. ಒಂದು ದಿನ ಬೆಳಿಗ್ಗೆ ಅಮ್ಮ ಸೀಮೆಎಣ್ಣೆ ಡಬ್ಬವನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಯಲ್ಲಿ ಇಟ್ಟು ಬಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಅವತ್ತಿನಿಂದ ಹದಿನೈದು ದಿನ ಕಾಲೇಜಿಗೆ ರಜೆ ಹಾಕಿ ಮನೆಯಲ್ಲೇ ಕೂತೆ. ಅವಳು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತಿರುತ್ತಿದ್ದೆ. ನನಗೆ ಅಷ್ಟು ಹೆದರಿಕೆ ಆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ.

ವರ್ಷ ಕಳೆಯಿತು. ಗಿರಣಿಯ ಷೆಡ್ಡುಗಳ ನಡುವಿನ ಗೋಡೆ ಒಡೆದು ನಾಲ್ಕನ್ನು ಒಂದು ಮಾಡಿದ್ದಾರೆ, ಸಿದ್ಧ ಉಡುಪು ಹೊಲಿಯುವ ಒಂದು ಕಂಪನಿ ಬಂದಿದೆ ಎಂದು ಕಾಜಾ ಹಾಕುತ್ತಿದ್ದವಳು ಸುದ್ದಿ ತಂದಳು. ಸ್ಕೀಮನ್ನು ಇನ್ನಷ್ಟು ವರ್ಷ ಮುಂದುವರಿಸಿದ್ದರು. ಈ ಸಲ ಹೊಸ ಷರತ್ತು: ಇದುವರೆಗೆ ಎಲ್ಲೂ ದುಡಿಯದ ಸ್ಥಳೀಯ ಹೆಂಗಸರಿಗೆ ಕೆಲಸ ಕೊಟ್ಟರೆ ಕಂಪನಿಗೆ ತಲೆಗೆ ಇಷ್ಟು ಎಂದು ಪ್ರೋತ್ಸಾಹಧನ. ಅವಳು ಆಗಲೇ ಸೇರಿಕೊಂಡಿದ್ದಳು. ಅಕ್ಕನನ್ನೂ ಕರೆಯಲು ಬಂದಿದ್ದಳು, ಆದರೆ ಅದನ್ನು ಬಾಯಿಬಿಟ್ಟು ಹೇಳಲು ಅವಳಿಗೆ ಒಂದು ಲೋಟ ಕಾಫಿ ಮುಗಿಯುವವರೆಗೆ ಬೇಕಾಯಿತು.

"ಕಾಲರ್ ಸೆಕ್ಷನ್ನಲ್ಲಿ ಜಾಗ ಇದೆ ಅಕ್ಕಾ. ನಾವು ಕೂರ್ತಿದ್ವಲ್ಲ, ಆ ಕಿಟಕಿ ಹತ್ರಾನೇ. ಸೂಪರ್‌ವೈಸರ್ ಹುಡುಗ ಸ್ವಲ್ಪ ಬಾಯಿ ಜೋರು ಅಷ್ಟೇ."

ನಾನು ಬೇಡವೆಂದೆ. ಅಮ್ಮನೂ ಬೇಡವೆಂದಳು. ಅಕ್ಕ ನಮ್ಮಿಬ್ಬರನ್ನೂ ನೋಡಲಿಲ್ಲ. "ಅರ್ಜಿ ತಂದಿದೀಯಾ?" ಎಂದು ಅವಳನ್ನು ಕೇಳಿದಳು.

ಅರ್ಜಿ ಇಂಗ್ಲಿಷಿನಲ್ಲಿತ್ತು, ತುಂಬುವ ಕೆಲಸ ನನಗೇ ಬಂತು. ಹೆಸರು ಬರೆದೆ, ವಯಸ್ಸು ಬರೆದೆ, ವಿಳಾಸ ಬರೆದೆ. ಗಂಡನ ಹೆಸರಿನ ಜಾಗದಲ್ಲಿ ಗೆರೆ ಎಳೆದೆ. ಹಿಂದಿನ ಅನುಭವ ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

"ಅಲ್ಲಿ ಇಲ್ಲ ಅಂತ ಹಾಕ್ಬೇಕಂತೆ. ಇದೆ ಅಂತ ಬರೆದ್ರೆ ತಗೊಳ್ಳಲ್ವಂತೆ," ಎಂದಳು ಕಾಜಾ ಹಾಕುತ್ತಿದ್ದವಳು, ನೆಲ ನೋಡುತ್ತ.

"ಇಲ್ಲ ಅಂತ ಬರಿ," ಎಂದಳು ಅಕ್ಕ.

"ಅಕ್ಕಾ, ಹನ್ನೆರಡು ವರ್ಷದ ಕೆಲಸ..."

"ಬರಿಯೇ. ಆಗಿದ್ದನ್ನ ಆಗಿಲ್ಲ ಅಂತ ಬರೆಯೋದು ನಿಂಗೆ ಅಭ್ಯಾಸ ಇದೆಯಲ್ಲ."

ನಡೆದುಹೋದ ಅಷ್ಟೂ ವಿಷಯದಲ್ಲಿ ಅವಳು ನನಗೆ ಅಂದ ಮಾತು ಅದೊಂದೇ. ನಾನು ತಲೆ ಎತ್ತಲಿಲ್ಲ. ಇಲ್ಲ ಎಂದು ಬರೆದು ಕಾಗದವನ್ನು ಅವಳ ಕಡೆ ಸರಿಸಿದೆ, ಅವಳು ಓದದೆಯೇ ಸಹಿ ಮಾಡಿದಳು.